ಹಿತ್ತಲು ಅಲ್ಲೇ ಇದೆ, ಕಳೆಯ ಕೆಳಗೆ!



ಊರಿನ ಹಿತ್ತಲು ನೆನೆದು ನಿಟ್ಟುಸಿರು ಬಿಡುವವರು ನಾವು. ಆದರೆ ಈಗಿರುವ ಮನೆಯ ಹಿಂದಿನ ಜಾಗವನ್ನು ಎಂದಾದರೂ ಸರಿಯಾಗಿ ನೋಡಿದ್ದೀರಾ?

ಪುಣೆಯ ನಮ್ಮ ಸೊಸೈಟಿಯ ಹಿಂದೆ ಎದೆಯೆತ್ತರ ಕಳೆ ಬೆಳೆದಿತ್ತು. ಮಳೆಗಾಲಕ್ಕೆ ಮುಂಚೆ ಅಲ್ಲಿ ಕಾಂಕ್ರೀಟ್ ಹಾಕಿಸುವುದೆಂದು ಮೀಟಿಂಗಿನಲ್ಲಿ ಮಾತಾಯಿತು. ನಾನು ಒಂದು ತಿಂಗಳ ಅವಕಾಶ ಕೇಳಿದೆ.

ಮೊದಲ ದಿನವೇ ಎಲ್ಲವನ್ನೂ ಕಡಿಯಲು ಹೋಗಬೇಡಿ. ಕಳೆಯ ನಡುವೆ ಏನಿದೆ, ನೋಡಿ. ನಮಗೆ ಒಂದು ಕರಿಬೇವು, ಒಂದು ಪಾರಿಜಾತ ಸಿಕ್ಕವು. ಯಾರೋ ಆಸೆಯಿಂದ ನೆಟ್ಟು ಹೋಗಿದ್ದರು.

ಉಳಿದದ್ದೆಲ್ಲ ಹೆಚ್ಚಾಗಿ ಕಾಂಗ್ರೆಸ್ ಗಿಡ. ನಮ್ಮ ದೇಶದಲ್ಲಿ ಅದು ಗಮನಕ್ಕೆ ಬಂದದ್ದೇ 1950ರ ದಶಕದಲ್ಲಿ, ಇದೇ ಪುಣೆಯಲ್ಲಿ! ಹಿಂದಿನ ಸಂಜೆ ನೆಲಕ್ಕೆ ನೀರು ಹಾಕಿ, ಹೂ ಬಿಡುವ ಮೊದಲೇ ಬೇರುಸಹಿತ ಕೀಳಿ. ತುರಿಕೆ, ಉಬ್ಬಸ ತರುವ ಗಿಡವದು. ಕೈಗೆ ಗವಸು, ಮೂಗಿಗೆ ಬಟ್ಟೆ ಇರಲಿ.

ತೆರವಾದ ನೆಲಕ್ಕೆ ಹಳೆಯ ರಟ್ಟಿನ ಡಬ್ಬಗಳನ್ನು ಬಿಡಿಸಿ ಹಾಸಿ. ಪ್ಲಾಸ್ಟಿಕ್ ಟೇಪು ಮಾತ್ರ ಕಿತ್ತುಬಿಡಿ. ಮೇಲೆ ಒಣಗಿದ ಎಲೆ ಹರಡಿ. ಬೆಳಕಿಲ್ಲದೆ ಕಳೆ ಸೊರಗುತ್ತದೆ, ರಟ್ಟು ಮಣ್ಣಿಗೆ ಸೇರುತ್ತದೆ. ದಾಸವಾಳ, ಬಸಳೆ, ದೊಡ್ಡಪತ್ರೆಯ ಕಡ್ಡಿಗಳನ್ನು ನೆರೆಯವರೇ ಕೊಟ್ಟರು.

ಖರ್ಚೆಷ್ಟು ಅಂತೀರಾ? ಒಂದು ಕುಡುಗೋಲು, ಒಂದು ಜೊತೆ ಗವಸು. ಮುನ್ನೂರು ರೂಪಾಯಿ ದಾಟಲಿಲ್ಲ.

ಶ್ರಾವಣದಲ್ಲಿ ಪಾರಿಜಾತ ಹೂ ಬಿಟ್ಟಿತು. ಕಾಂಕ್ರೀಟಿನ ಮಾತೆತ್ತಿದವರೇ ಬೆಳಿಗ್ಗೆ ಪೂಜೆಗೆ ಹೂ ಆರಿಸುತ್ತಿದ್ದರು.

ಇವತ್ತು ಹಿಂದಿನ ಕಿಟಕಿ ತೆರೆದು ನೋಡ್ತೀರಲ್ಲ?