ಗ್ಯಾಸ್ ಮುಗಿಯುವುದಿಲ್ಲ, ಸೋರುತ್ತದೆ



ಕತಾರಿನ ದೋಹಾದಲ್ಲಿ ದುಡಿಯುವ ನಮ್ಮ ಕರಾವಳಿಯವರನ್ನು ಕಾರು ಎಲ್ಲಿ ರಿಪೇರಿ ಮಾಡಿಸುತ್ತೀರಿ ಎಂದು ಕೇಳಿದರೆ "ಸನಾಯದಲ್ಲಿ" ಎನ್ನುತ್ತಾರೆ. ಅರಬ್ಬಿಯ ‘ಸನಾಯಿಯಾ’ ನಮ್ಮವರ ಬಾಯಲ್ಲಿ ಸನಾಯ ಆಗಿದೆ. ನಕ್ಷೆಯಲ್ಲಿ ಅದರ ಹೆಸರು ಇಂಡಸ್ಟ್ರಿಯಲ್ ಏರಿಯಾ. ಸಲ್ವಾ ರಸ್ತೆಯ ದಕ್ಷಿಣಕ್ಕೆ ಹರಡಿಕೊಂಡಿರುವ ಈ ಜಾಗದಲ್ಲಿ ಬೀದಿಗಳಿಗೆ ಹೆಸರಿಗಿಂತ ನಂಬರೇ ಗುರುತು. ಗ್ಯಾರೇಜು, ಬಿಡಿಭಾಗಗಳ ಅಂಗಡಿ, ಗೋದಾಮು, ಕಾರ್ಮಿಕರ ಕ್ಯಾಂಪು, ಎಲ್ಲವೂ ಒಂದಕ್ಕೊಂದು ತಾಗಿಕೊಂಡೇ ಇವೆ. ನಾನು ಕಾರಿನ ಎಸಿ ಕೆಲಸ ಕಲಿತದ್ದು ಅಲ್ಲಿಯ ಒಂದು ಗ್ಯಾರೇಜಿನಲ್ಲಿ.

ಅಲ್ಲಿಯ ಬೇಸಿಗೆಯ ಬಿಸಿಯನ್ನು ಮಾತಿನಲ್ಲಿ ಹೇಳುವುದು ಕಷ್ಟ. ದೋಹಾದಲ್ಲಿ 2010ರ ಜುಲೈ 14ರಂದು 50.4 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದು ಎಂದು ಅಲ್ಲಿ 2021ರಿಂದ ನಿಯಮವಿದೆ. ಆಗಸ್ಟ್ ಬಂತೆಂದರೆ ಬಿಸಿಲಿನ ಜೊತೆಗೆ ಸಮುದ್ರದ ತೇವವೂ ಸೇರಿ, ನಮ್ಮ ಮೇ ತಿಂಗಳ ಸೆಖೆಯೇ ವಾಸಿ ಅನ್ನಿಸುತ್ತದೆ. ಅಂಥ ಊರಿನಲ್ಲಿ ಕಾರಿನ ಎಸಿ ಕೆಟ್ಟರೆ ಹತ್ತು ನಿಮಿಷದ ದಾರಿಯೂ ಶಿಕ್ಷೆ.

ಒಂದು ಮಧ್ಯಾಹ್ನ ಕುಂದಾಪುರ ಕಡೆಯ ಡ್ರೈವರ್ ಒಬ್ಬರು ಹಳೆಯ ಕಾರು ತಂದು ನಿಲ್ಲಿಸಿದರು. ಅಂಗಿ ಪೂರ್ತಿ ಒದ್ದೆ. "ಅಣ್ಣ, ಗ್ಯಾಸ್ ಮತ್ತೆ ಖಾಲಿ. ಅಂಗಡಿಯಿಂದ ಕ್ಯಾನ್ ತಂದು ರೂಮಿನ ಹತ್ತಿರ ನಾನೇ ಹಾಕಿದ್ದೆ, ಹದಿನೈದು ದಿನ ತಂಪಿತ್ತು. ಇನ್ನೊಂದು ಸಲ ತುಂಬಿಸಿಕೊಡಿ," ಎಂದರು. ನಾನು ಗೇಜ್ ಎತ್ತಿಕೊಂಡೆ. ನನಗೆ ಕೆಲಸ ಕಲಿಸಿದ ಉಸ್ತಾದ್ ನನ್ನ ಕೈ ತಡೆದರು. ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಎಸಿ ಪೈಪಿನ ಪ್ರತಿ ಜೋಡಣೆಯ ಕೆಳಗೂ ಬೆರಳು ಸವರಿದರು. ಕಂಡೆನ್ಸರಿನ ಮೂಲೆಗೆ ಬಂದಾಗ ಬೆರಳಿಗೆ ಎಣ್ಣೆ ಅಂಟಿತು. ಅದನ್ನು ನನಗೆ ತೋರಿಸಿ, "ಎಣ್ಣೆ ಎಲ್ಲಿದೆಯೋ ಸೋರಿಕೆ ಅಲ್ಲಿದೆ," ಎಂದರು.

ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಬೆರಳಿನ ಎಣ್ಣೆಯಲ್ಲಿ ಇದೆ. ಕಾರಿನ ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ, ಸೋರುವಾಗ ಜೊತೆಗೆ ಸುತ್ತುವ ಎಣ್ಣೆಯನ್ನೂ ಹೊರಗೆ ತಂದಿದೆ.

ಯಾಕೆ ಎಂದು ತಿಳಿಯಲು ಮಣ್ಣಿನ ಹೂಜಿಯನ್ನು ನೆನಪು ಮಾಡಿಕೊಳ್ಳಿ. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ, ಹಾಗಾಗಿ ಒಳಗಿನ ನೀರು ತಣ್ಣಗಾಗುತ್ತದೆ. ಕಾರಿನ ಎಸಿ ಮಾಡುವುದೂ ಇದನ್ನೇ. ನೀರಿನ ಬದಲು ಅಲ್ಲಿ ಇರುವುದು ಸುಲಭವಾಗಿ ಕುದಿಯುವ ಒಂದು ರಾಸಾಯನಿಕ. ಹೆಚ್ಚಿನ ಕಾರುಗಳಲ್ಲಿ ಅದು ಆರ್-134ಎ. ಬರಿ ಗಾಳಿಯ ಒತ್ತಡದಲ್ಲಿ ಇದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದುಬಿಡುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಇರುವ ಕೂಲಿಂಗ್ ಕಾಯಿಲಿನಲ್ಲಿ ಸುಮಾರು 30 ಪಿಎಸ್‌ಐ ಒತ್ತಡವಿದ್ದರೆ ಅದು ಸುಮಾರು 1 ಡಿಗ್ರಿಯಲ್ಲಿ ಕುದಿಯುತ್ತದೆ. ಕುದಿಯುವಾಗ ಕಾರಿನೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ.

ಹೂಜಿಗೂ ಎಸಿಗೂ ಇರುವ ವ್ಯತ್ಯಾಸ ಮುಂದಿನ ಹಂತದ್ದು. ಹೂಜಿಯ ಆವಿ ಗಾಳಿಗೆ ಸೇರಿ ಹೋಗುತ್ತದೆ, ಅದಕ್ಕೇ ಹೂಜಿಗೆ ದಿನವೂ ನೀರು ತುಂಬಬೇಕು. ಎಸಿಯಲ್ಲಿ ಆ ಆವಿಯನ್ನು ಕಂಪ್ರೆಸರ್ ಹಿಡಿದು ಒತ್ತುತ್ತದೆ. ಬೇಸಿಗೆಯಲ್ಲಿ ಒತ್ತಡ 250 ಪಿಎಸ್‌ಐ ದಾಟಬಹುದು. ಅಷ್ಟು ಒತ್ತಡದಲ್ಲಿ ಗ್ಯಾಸ್ 60 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿರುತ್ತದೆ. ಹೊರಗಿನ ಗಾಳಿ 45 ಡಿಗ್ರಿ ಇದ್ದರೂ ಗ್ಯಾಸ್ ಅದಕ್ಕಿಂತ ಬಿಸಿ, ಆದ್ದರಿಂದ ಕಾರಿನ ಮುಂಭಾಗದ ಕಂಡೆನ್ಸರಿನಲ್ಲಿ ಶಾಖವನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಡ್ರೈಯರ್ ಅದರೊಳಗಿನ ತೇವವನ್ನು ಹಿಡಿದಿಡುತ್ತದೆ, ಎಕ್ಸ್‌ಪಾನ್ಶನ್ ವಾಲ್ವ್ ಒತ್ತಡ ಇಳಿಸುತ್ತದೆ, ದ್ರವ ಮತ್ತೆ ಕೂಲಿಂಗ್ ಕಾಯಿಲಿಗೆ ಹೋಗುತ್ತದೆ. ಅದೇ ಗ್ಯಾಸ್, ಮುಚ್ಚಿದ ದಾರಿ, ಮತ್ತೆ ಮತ್ತೆ ಅದೇ ಸುತ್ತು. ರಬ್ಬರ್ ಪೈಪು ಮತ್ತು ಸೀಲುಗಳ ಮೂಲಕ ವರ್ಷಕ್ಕೆ ಕೆಲವು ಗ್ರಾಂ ಜಿನುಗುವುದು ಸಹಜ. ಒಂದೇ ಬೇಸಿಗೆಯಲ್ಲಿ ತಂಪು ಹೋದರೆ ಅದು ಸಹಜವಲ್ಲ.

ಈಗ ಮನೆಯಲ್ಲೇ ಕ್ಯಾನ್ ಹಾಕುವ ವಿಷಯಕ್ಕೆ ಬರೋಣ. ಸಣ್ಣ ಕ್ಯಾನು, ಒಂದು ಪೈಪು, ಒಂದು ಪುಟ್ಟ ಗೇಜು. ಗೇಜಿನ ಮುಳ್ಳು ಹಸಿರು ಬಣ್ಣಕ್ಕೆ ಬಂದರೆ ಸಾಕು ಎಂದು ಮೇಲೆ ಬರೆದಿರುತ್ತದೆ. ಕೆಲಸ ಸುಲಭ ಅನ್ನಿಸುತ್ತದೆ. ಆದರೆ ಆ ಮುಳ್ಳು ಗ್ಯಾಸಿನ ಪ್ರಮಾಣವನ್ನು ಹೇಳುವುದಿಲ್ಲ. ಅಡುಗೆಮನೆಯ ಸಿಲಿಂಡರನ್ನೇ ನೋಡಿ. ಒಳಗೆ ಹತ್ತು ಕೆಜಿ ಇದ್ದಾಗಲೂ ಎರಡು ಕೆಜಿ ಇದ್ದಾಗಲೂ ಒಲೆಯ ಉರಿ ಒಂದೇ ಥರ. ಎಷ್ಟು ಉಳಿದಿದೆ ಎಂದು ತಿಳಿಯಲು ಸಿಲಿಂಡರ್ ಎತ್ತಿ ನೋಡಬೇಕು, ಇಲ್ಲವೇ ತೂಗಬೇಕು. ಒಳಗೆ ದ್ರವ ಇರುವ ತನಕ ಒತ್ತಡ ನಿರ್ಧಾರವಾಗುವುದು ಬಿಸಿಯಿಂದ, ಪ್ರಮಾಣದಿಂದಲ್ಲ. ಎಸಿಯೂ ಹೀಗೆಯೇ. ಎಂಜಿನ್ ನಿಂತಿರುವ ಕಾರು 45 ಡಿಗ್ರಿ ಬಿಸಿಯಲ್ಲಿದ್ದರೆ, ಒಳಗೆ 300 ಗ್ರಾಂ ಇರಲಿ 500 ಗ್ರಾಂ ಇರಲಿ, ಗೇಜ್ ಸುಮಾರು 150 ಪಿಎಸ್‌ಐ ತೋರಿಸುತ್ತದೆ. ಎಸಿ ಓಡುವಾಗಲೂ ಕ್ಯಾನಿನ ಗೇಜ್ ನೋಡುವುದು ಕಡಿಮೆ ಒತ್ತಡದ ಬದಿಯನ್ನು ಮಾತ್ರ. ಇನ್ನೊಂದು ಬದಿಯಲ್ಲಿ ಏನಾಗುತ್ತಿದೆ ಎಂಬುದು ಅದಕ್ಕೆ ಕಾಣುವುದಿಲ್ಲ.

ಅದಕ್ಕೇ ಕಾರು ತಯಾರಿಸುವವರು ಗ್ಯಾಸನ್ನು ತೂಕದಲ್ಲಿ ಹೇಳುತ್ತಾರೆ. ಬಾನೆಟ್ ಎತ್ತಿದರೆ ಒಳಗೆ ಒಂದು ಸ್ಟಿಕ್ಕರ್ ಇರುತ್ತದೆ. ಗ್ಯಾಸಿನ ಹೆಸರು, ಎಷ್ಟು ಗ್ರಾಂ ಎಂಬ ಲೆಕ್ಕ ಅದರಲ್ಲಿದೆ. ಸಣ್ಣ ಕಾರಿಗೆ ಸಾಮಾನ್ಯವಾಗಿ 400ರಿಂದ 600 ಗ್ರಾಂ. ಹಿಂದಿನ ಸೀಟಿಗೂ ಎಸಿ ಇರುವ ದೊಡ್ಡ ಗಾಡಿಗೆ ಇನ್ನೂ ಹೆಚ್ಚು. ಕಡಿಮೆಯಾದರೆ ತಂಪು ಬರುವುದಿಲ್ಲ, ಗ್ಯಾಸಿನ ಜೊತೆ ಸುತ್ತುವ ಎಣ್ಣೆ ಕಂಪ್ರೆಸರಿಗೆ ಸರಿಯಾಗಿ ಮರಳುವುದಿಲ್ಲ. ಹೆಚ್ಚಾದರೆ ಒತ್ತಡ ಏರಿ, ತಂಪು ಇನ್ನೂ ಕಡಿಮೆಯಾಗಿ, ಕೊನೆಗೆ ಕಂಪ್ರೆಸರೇ ಹೋಗುತ್ತದೆ. ಗ್ಯಾಸಿನ ಖರ್ಚೆಲ್ಲಿ, ಕಂಪ್ರೆಸರಿನ ಖರ್ಚೆಲ್ಲಿ!

ಅಪಾಯದ ಮಾತನ್ನೂ ಹೇಳಿಬಿಡುತ್ತೇನೆ. ಕ್ಯಾನನ್ನು ಹೆಚ್ಚು ಒತ್ತಡದ ಬದಿಗೆ, ಅಂದರೆ ಮುಚ್ಚಳದ ಮೇಲೆ ‘ಎಚ್’ ಎಂದು ಬರೆದಿರುವ ಕಡೆಗೆ, ಎಂದೂ ಜೋಡಿಸಬಾರದು. ಒತ್ತಡ ಹಿಂದಕ್ಕೆ ನುಗ್ಗಿ ಕ್ಯಾನ್ ಸಿಡಿಯಬಹುದು. ಇಂಥ ಕ್ಯಾನುಗಳನ್ನು 50 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಇಡಬಾರದು. ಗಲ್ಫ್ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಬಿಸಿ ಆ ಮಿತಿಯನ್ನು ದಾಟುತ್ತದೆ, ಹಾಗಾಗಿ ಉಳಿದ ಕ್ಯಾನನ್ನು ಡಿಕ್ಕಿಯಲ್ಲಿ ಬಿಡಬೇಡಿ. ಚಿಮ್ಮಿದ ದ್ರವ ಕಣ್ಣಿಗೆ ಬಿದ್ದರೆ ಕಣ್ಣನ್ನೇ ಹೆಪ್ಪುಗಟ್ಟಿಸುತ್ತದೆ, ಕನ್ನಡಕ ಮತ್ತು ಕೈಗವಸು ಇಲ್ಲದೆ ಮುಟ್ಟಬೇಡಿ. ಮುಚ್ಚಿದ ಶೆಡ್ಡಿನಲ್ಲಿ, ಬೀಡಿ ಸಿಗರೇಟು ಹೊತ್ತಿಸಿಕೊಂಡು ಈ ಕೆಲಸ ಮಾಡಬೇಡಿ, ಬೆಂಕಿಗೆ ತಾಗಿದ ಈ ಗ್ಯಾಸ್ ವಿಷವಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಅಡುಗೆ ಗ್ಯಾಸ್ ಜಾತಿಯ ಅನಿಲವನ್ನು ತುಂಬುವುದಂತೂ ಕಾರಿನಲ್ಲಿ ಕೂರುವ ಮಕ್ಕಳ ಮುಂದೆ ಬೆಂಕಿ ಇಟ್ಟಂತೆ. ಹೈಬ್ರಿಡ್ ಕಾರುಗಳ ಎಸಿಗೆ ಕೈ ಹಾಕಲೇಬೇಡಿ. ಅವುಗಳಲ್ಲಿ ಹೆಚ್ಚಿನವುಗಳ ಕಂಪ್ರೆಸರ್ ಭಾರಿ ವೋಲ್ಟೇಜಿನಲ್ಲಿ ಓಡುತ್ತದೆ, ಅದಕ್ಕೆ ಬೇಕಾದ ಎಣ್ಣೆಯೇ ಬೇರೆ.

ಹಾಗಾದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲವೇ? ಬೇಕಾದಷ್ಟಿದೆ. ಧೂಳು ಹೊತ್ತು ತರುವ ಶಮಾಲ್ ಗಾಳಿ ಬೀಸಿದ ವಾರ ಸನಾಯಕ್ಕೆ ಬರುವ ಎಷ್ಟೋ ಕಾರುಗಳಲ್ಲಿ ಗ್ಯಾಸ್ ಸರಿಯಾಗಿಯೇ ಇರುತ್ತಿತ್ತು, ತೊಂದರೆ ಧೂಳಿನದ್ದು. ಡ್ಯಾಶ್‌ಬೋರ್ಡಿನ ಕೆಳಗಿರುವ ಕ್ಯಾಬಿನ್ ಫಿಲ್ಟರ್ ಬಿಚ್ಚಿ ನೋಡಿ, ಕಪ್ಪಾಗಿದ್ದರೆ ಬದಲಿಸಿ. ಕಂಡೆನ್ಸರಿನ ಮೇಲೆ ಕೂತ ಧೂಳು, ಹುಳುಗಳನ್ನು ಎಂಜಿನ್ ತಣ್ಣಗಿರುವಾಗ ಕಡಿಮೆ ರಭಸದ ನೀರಿನಿಂದ ತೊಳೆಯಿರಿ. ಎಸಿ ಹಾಕಿ ಕಂಡೆನ್ಸರಿನ ಫ್ಯಾನ್ ತಿರುಗುತ್ತಿದೆಯೇ ನೋಡಿ. ಸಿಗ್ನಲಿನಲ್ಲಿ ನಿಂತಾಗ ಬಿಸಿ, ಓಡುವಾಗ ತಂಪು ಎಂದಾದರೆ ಮೊದಲು ಆ ಫ್ಯಾನಿನ ಮೇಲೆಯೇ ಅನುಮಾನ ಬರಬೇಕು. ಬಿಸಿಲಿನಲ್ಲಿ ನಿಂತ ಕಾರಿನ ಕಿಟಕಿಗಳನ್ನು ಮೊದಲ ಒಂದೆರಡು ನಿಮಿಷ ತೆರೆದಿಟ್ಟು ಬಿಸಿ ಗಾಳಿಯನ್ನು ಹೊರಗೆ ಬಿಡಿ. ಆಮೇಲೆ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ, ಸೀಲುಗಳಿಗೆ ಎಣ್ಣೆ ತಲುಪುತ್ತದೆ, ಒಣಗಿ ಬಿರಿಯುವುದಿಲ್ಲ. ಕೊನೆಯದಾಗಿ, ಉಸ್ತಾದ್ ಮಾಡಿದಂತೆ, ಎಂಜಿನ್ ನಿಲ್ಲಿಸಿ ಪೈಪಿನ ಜೋಡಣೆಗಳ ಕೆಳಗೆ ಎಣ್ಣೆಯ ಕಲೆ ಹುಡುಕಿ.

ಕಲೆ ಕಂಡರೆ ಗ್ಯಾರೇಜಿಗೆ ಹೋಗಿ. ಅಲ್ಲಿ ಸರಿಯಾದ ಕೆಲಸದ ಕ್ರಮ ಹೀಗಿದೆ. ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಳ್ಳಬೇಕು. ನೈಟ್ರೋಜನ್ ತುಂಬಿ, ಸಾಬೂನು ನೊರೆ ಹಚ್ಚಿ ಸೋರುವ ಜಾಗ ಹಿಡಿಯಬೇಕು. ಆ ಸೀಲನ್ನೋ ಪೈಪನ್ನೋ ಬದಲಿಸಬೇಕು. ನಂತರ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ವ್ಯಾಕ್ಯೂಮ್ ಹೊಡೆಯಬೇಕು. ಒತ್ತಡ ಇಳಿದಾಗ ಒಳಗಿನ ತೇವವೆಲ್ಲ ಆವಿಯಾಗಿ ಹೊರಗೆ ಬರುತ್ತದೆ. ತೇವ ಉಳಿದರೆ ವಾಲ್ವಿನಲ್ಲಿ ಮಂಜುಗಟ್ಟುತ್ತದೆ, ಗ್ಯಾಸಿನ ಜೊತೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ವ್ಯಾಕ್ಯೂಮ್ ನಿಂತ ಮೇಲೂ ಮುಳ್ಳು ಅಲುಗದಿದ್ದರೆ ಮಾತ್ರ ಸ್ಟಿಕ್ಕರಿನಲ್ಲಿ ಹೇಳಿದಷ್ಟು ಗ್ರಾಂ ಗ್ಯಾಸನ್ನು ತೂಗಿ ತುಂಬಬೇಕು. ಮನೆಯ ಕ್ಯಾನಿನಲ್ಲಿ ಇವುಗಳಲ್ಲಿ ಒಂದೂ ಆಗುವುದಿಲ್ಲ.

ಸೋರಿಕೆ ನಮ್ಮ ಜೇಬಿಗೆ ಮಾತ್ರ ಸಂಬಂಧಿಸಿದ್ದಲ್ಲ. ಇಲ್ಲಿ ಬೆಂಗಳೂರಿಗೆ ನಂಟಿರುವ ಒಬ್ಬ ವಿಜ್ಞಾನಿಯನ್ನು ನೆನೆಯಬೇಕು. ವೀರಭದ್ರನ್ ರಾಮನಾಥನ್ ಹುಡುಗನಾಗಿದ್ದಾಗ ಬೆಂಗಳೂರಿನಲ್ಲಿ ಓದಿದವರು. ಎಂಜಿನಿಯರಾದ ಮೇಲೆ ಅವರಿಗೆ ಸಿಕ್ಕ ಮೊದಲ ಕೆಲಸ ಸಿಕಂದರಾಬಾದಿನ ರೆಫ್ರಿಜರೇಟರ್ ಕಾರ್ಖಾನೆಯಲ್ಲಿ. ಫ್ರಿಜ್‌ನಿಂದ ಗ್ಯಾಸ್ ಯಾಕೆ ಸೋರುತ್ತದೆ, ಹೇಗೆ ತಡೆಯುವುದು ಎಂದು ನೋಡುವುದೇ ಅವರ ಕೆಲಸ. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸ್ನಾತಕೋತ್ತರ ಪದವಿ ಪಡೆದು ಅಮೆರಿಕಕ್ಕೆ ಹೋದರು. ಸೋರಿದ ಅದೇ ಜಾತಿಯ ಗ್ಯಾಸ್ ಆಕಾಶಕ್ಕೆ ಹೋಗಿ ಏನು ಮಾಡುತ್ತದೆ ಎಂದು ಲೆಕ್ಕ ಹಾಕಿ, 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಗ್ಯಾಸಿನ ಒಂದು ಅಣು ಇಂಗಾಲದ ಡೈಆಕ್ಸೈಡಿನ 10,000ಕ್ಕೂ ಹೆಚ್ಚು ಅಣುಗಳಷ್ಟು ಶಾಖವನ್ನು ಹಿಡಿದಿಡುತ್ತದೆ ಎಂಬುದು ಅವರು ಕಂಡ ಸತ್ಯ. ಕಾರ್ಖಾನೆಯ ನೆಲದ ಮೇಲಿನ ಸೋರಿಕೆಗೂ ಭೂಮಿಯ ಜ್ವರಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟವರು ಅವರು.

ಹಳೆಯ ಕಾರುಗಳಲ್ಲಿದ್ದ ಅದೇ ಜಾತಿಯ ಆರ್-12 ಓಝೋನ್ ಪದರವನ್ನೂ ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಅದು ಬಳಕೆಯಿಂದ ಹೋಯಿತು. ಆ ಒಪ್ಪಂದದ ದೇಶಗಳು 2008ರ ನವೆಂಬರಿನಲ್ಲಿ ಸಭೆ ಸೇರಿದ್ದು ದೋಹಾದಲ್ಲೇ. ಸನಾಯದಲ್ಲಿ ಇಂದಿಗೂ ಯಾವ ಗ್ಯಾಸಾದರೂ ಬಾಯಲ್ಲಿ ಫ್ರಿಯಾನ್ ಎಂಬ ಆರ್-12ರ ಕಾಲದ ಹಳೆಯ ಹೆಸರೇ. ಆರ್-12ರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ಕೇಡು ಮಾಡದಿದ್ದರೂ ಭೂಮಿಯನ್ನು ಬಿಸಿ ಮಾಡುತ್ತದೆ. ತೂಕಕ್ಕೆ ತೂಕ ನೋಡಿದರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ 1430 ಪಟ್ಟು. 500 ಗ್ರಾಂ ಸೋರಿದರೆ ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟಷ್ಟೇ ಆಯಿತು. ಇದನ್ನೂ ಕಡಿಮೆ ಮಾಡಲು 2016ರಲ್ಲಿ ಕಿಗಾಲಿಯಲ್ಲಿ ತೀರ್ಮಾನವಾಯಿತು. ಸೆಖೆ ಹೆಚ್ಚಿರುವ ಕೆಲವು ದೇಶಗಳಿಗೆ ಸ್ವಲ್ಪ ಹೆಚ್ಚು ಕಾಲ ಕೊಟ್ಟರು. ಆ ಗುಂಪಿನಲ್ಲಿ ಕತಾರ್ ಇದೆ, ನಮ್ಮ ಭಾರತವೂ ಇದೆ. ಆ ತೀರ್ಮಾನದ ಪ್ರಕಾರ ಎರಡೂ ದೇಶಗಳು 2028ರಲ್ಲಿ ಬಳಕೆಯ ಏರಿಕೆಯನ್ನು ನಿಲ್ಲಿಸಿ, 2047ರ ಹೊತ್ತಿಗೆ ಶೇಕಡಾ 85ರಷ್ಟು ತಗ್ಗಿಸಬೇಕು. ಹೊಸ ಕಾರುಗಳಲ್ಲಿ ಬರುತ್ತಿರುವ ಆರ್-1234ವೈಎಫ್ ಎಂಬ ಗ್ಯಾಸ್ ಈ ದಾರಿಯದ್ದು. ಅದನ್ನೂ ಹಳೆಯದನ್ನೂ ಬೆರೆಸಬಾರದು.

ಕುಂದಾಪುರದ ಆ ಡ್ರೈವರ್ ಕಂಡೆನ್ಸರ್ ಬದಲಿಸಿಕೊಂಡು ಹೋದರು. ಮರುವರ್ಷ ಬೇಸಿಗೆಯಲ್ಲಿ ಅವರು ಗ್ಯಾರೇಜಿಗೆ ಬಂದದ್ದು ಬ್ರೇಕಿನ ಕೆಲಸಕ್ಕೆ, ಎಸಿಗಲ್ಲ.

ಕೇಳುಗರೇ, ದೋಹಾದಲ್ಲಿರಿ, ಮಂಗಳೂರಿನಲ್ಲಿರಿ, ರಾಯಚೂರಿನಲ್ಲಿರಿ, ಮುಂದಿನ ಸಲ ಎಸಿ ತಂಪು ಕೊಡದಿದ್ದಾಗ "ಗ್ಯಾಸ್ ತುಂಬಿಸಿ" ಎನ್ನಬೇಡಿ. ಮೂರು ಪ್ರಶ್ನೆ ಕೇಳಿ. ಎಲ್ಲಿ ಸೋರುತ್ತಿದೆ? ಎಷ್ಟು ಹೊತ್ತು ವ್ಯಾಕ್ಯೂಮ್ ಹೊಡೆಯುತ್ತೀರಿ? ಎಷ್ಟು ಗ್ರಾಂ ತುಂಬುತ್ತೀರಿ? ಈ ಮೂರಕ್ಕೂ ನೇರ ಉತ್ತರ ಕೊಡುವ ಮೆಕ್ಯಾನಿಕ್ ಸಿಕ್ಕಿದರೆ ಕಾರನ್ನು ಧೈರ್ಯವಾಗಿ ಅವರ ಕೈಗೆ ಕೊಡಿ.