ಹತ್ತುವ ಗಾಡಿಗೆ ದಾರಿ



ಶಿಕಾರಿಪುರ, ಸೊರಬ ಎಂದರೆ ಕೆರೆ, ಗದ್ದೆ, ಮೆಕ್ಕೆಜೋಳದ ಹೊಲ, ಅಡಿಕೆ ತೋಟ. ನೆಟ್ಟಗೆ ನಿಂತ ಘಾಟಿ ಇಲ್ಲೆಲ್ಲೂ ಇಲ್ಲ. ಆದರೂ ನಮ್ಮ ಲಾರಿ ಡ್ರೈವರುಗಳು ಮಾತಿಗೆ ಕೂತರೆ ಬರುವುದೆಲ್ಲ ಘಾಟಿಯ ಕಥೆಯೇ. ನಮ್ಮ ಅಕ್ಕಿ, ನಮ್ಮ ಶುಂಠಿ ಕರಾವಳಿ ಮುಟ್ಟಬೇಕಾದರೆ ಸಹ್ಯಾದ್ರಿಯನ್ನು ಇಳಿಯಲೇಬೇಕಲ್ಲ! ಶಿಕಾರಿಪುರದವರಿಗೆ ಆನಂದಪುರ, ರಿಪ್ಪನ್‌ಪೇಟೆ, ಹೊಸನಗರ ದಾಟಿದರೆ ಹುಲಿಕಲ್ ಘಾಟಿ. ಸೊರಬದವರಿಗೆ ತಾಳಗುಪ್ಪದ ಮೇಲೆ ಗೇರುಸೊಪ್ಪೆ, ಇಲ್ಲವೇ ಶಿರಸಿಯ ಮೇಲೆ ದೇವಿಮನೆ. ಆಗುಂಬೆಯ 14 ತಿರುವುಗಳಲ್ಲಿ ಭಾರೀ ಲಾರಿಗೆ ಅಪ್ಪಣೆ ಇಲ್ಲ.

ಈ ದಾರಿಗಳಲ್ಲಿ ಮೊದಲು ಹೊರೆ ಸಾಗಿಸಿದವರು ಯಾರು? ಲಂಬಾಣಿಗಳ ಹೆಸರನ್ನು ನಾನು ಮೊದಲ ಸಾಲಿನಲ್ಲೇ ಹೇಳುತ್ತೇನೆ. ಇವತ್ತು ಶಿಕಾರಿಪುರದ ಸುತ್ತ ಇಷ್ಟೊಂದು ತಾಂಡಾಗಳಿವೆ. ಅವರ ಗುರು ಸೇವಾಲಾಲರು 1739ರಲ್ಲಿ ಹುಟ್ಟಿದ ಸೂರಗೊಂಡನಕೊಪ್ಪವೂ ನಮಗೆ ದೂರವಲ್ಲ. ನೂರಾರು ಹೇರೆತ್ತುಗಳ ಬೆನ್ನ ಮೇಲೆ ಗೋಣಿ ಹೇರಿ, ಧಾನ್ಯ ಇಳಿಸಿ ಉಪ್ಪು ಹತ್ತಿಸಿದ ಜನ ಅವರು. 1791–92ರ ಮೈಸೂರು ಯುದ್ಧದಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ದೊಡ್ಡ ಸೈನ್ಯ ಉಂಡಿದ್ದು ಕೂಡ ಇವರ ಎತ್ತುಗಳು ಹೊತ್ತು ತಂದ ಕಾಳನ್ನೇ. ಘಟ್ಟದ ದಾರಿಯ ಮೊದಲ ಲಾರಿ ಡ್ರೈವರುಗಳು ಇವರೇ ಎಂದು ನಾನು ಎದೆತಟ್ಟಿ ಹೇಳುತ್ತೇನೆ.

ದೊಡ್ಡವರ ಹೆಜ್ಜೆಗುರುತು ಪುಸ್ತಕಗಳಲ್ಲಿ ಸಿಗುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆಯಿಂದ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋದ. 1783ರ ಜನವರಿಯಲ್ಲಿ ಬ್ರಿಟಿಷರ ಜನರಲ್ ಮ್ಯಾಥ್ಯೂಸ್ ಹೊಸಂಗಡಿ ಘಟ್ಟ ಹತ್ತಿ ಬಿದನೂರು ಹಿಡಿದ; ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಕಸಿದುಕೊಂಡ. ಆಮೇಲೆ ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಕುಮಟೆಗೆ ಇಳಿಯಿತು. ಮುಂಬಯಿ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಎಂದೇ ಹೆಸರಾಯಿತು.

ಆಮೇಲೆ ರೈಲು ಬಂತು. 1899ರಲ್ಲಿ ಶಿವಮೊಗ್ಗಕ್ಕೆ, 1940ರ ಹೊತ್ತಿಗೆ ತಾಳಗುಪ್ಪಕ್ಕೆ. ಅಲ್ಲಿಗೆ ನಿಂತಿತು ನೋಡಿ! ಇನ್ನೇನು ಘಟ್ಟ ಇಳಿಯಬೇಕು ಎನ್ನುವಲ್ಲಿ ಹಳಿ ಮುಗಿಯಿತು, ಇವತ್ತಿಗೂ ಮುಂದೆ ಹೋಗಿಲ್ಲ. ರೈಲು ಇಳಿಯದ ಘಟ್ಟವನ್ನು ಲಾರಿ ಇಳಿಯಬೇಕಾಯಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ. ಗಾಡಿಗೆ ಒಲೆಯಂಥ ದೊಡ್ಡ ಡ್ರಮ್ಮು ಕಟ್ಟಿ, ಇದ್ದಲು ಉರಿಸಿ, ಆ ಗ್ಯಾಸಿನಲ್ಲೇ ಓಡಿಸುತ್ತಿದ್ದರು. ಏರು ಬಂದರೆ ಎಂಜಿನ್‌ಗೆ ಉಸಿರೇ ಸಾಲದು. ಜನ ಇಳಿದು ತಳ್ಳಬೇಕು. 1954ರಲ್ಲಿ ಜಮ್ಶೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಬೆಂಜ್ ಬಂದ ಮೇಲೆ ಡೀಸೆಲ್ ಲಾರಿಯ ಕಾಲ ಶುರುವಾಯಿತು. ಹಳಬರ ಬಾಯಲ್ಲಿ ಅದು ಬರೀ ಬೆಂಜ್.

ಆ ಬೆಂಜ್ ಓಡಿಸಿದವರೊಬ್ಬರು ನಮ್ಮ ಬೀದಿಯಲ್ಲೇ ಇದ್ದರು. ಎಲ್ಲರ ಬಾಯಲ್ಲೂ ಡ್ರೈವರಣ್ಣ. ಸ್ಟಿಯರಿಂಗ್ ತಿರುಗಿಸಿ ತಿರುಗಿಸಿ ಅವರ ಅಂಗೈ ಎತ್ತಿನ ಗೊರಸಿನಂತೆ ಗಟ್ಟಿಯಾಗಿತ್ತು. ಜಗಲಿಯಲ್ಲಿ ಕೂತು ನನಗೆ ಹೇಳುತ್ತಿದ್ದರು: "ಯಾವ ಗೇರಲ್ಲಿ ಹತ್ತುತೀಯೋ ಅದೇ ಗೇರಲ್ಲಿ ಇಳೀಬೇಕು ತಮ್ಮಾ. ನ್ಯೂಟ್ರಲ್ ಮಾಡಿ ಬಿಟ್ಟೋನಿಗೆ ಡೀಸೆಲ್ ಉಳೀತದೆ, ಜೀವ ಉಳಿಯಲ್ಲ." ಇದರೊಳಗೆ ಇಡೀ ವಿಜ್ಞಾನವೇ ಇದೆ. ಇಳಿಜಾರಿನಲ್ಲಿ ಬ್ರೇಕನ್ನೇ ತುಳಿಯುತ್ತಾ ಹೋದರೆ ಡ್ರಮ್ ಕಾದು, ಲೈನರ್ ಸುಟ್ಟ ವಾಸನೆ ಬಂದು, ಕೊನೆಗೆ ಬ್ರೇಕು ಹಿಡಿಯುವುದೇ ಇಲ್ಲ. ಸಣ್ಣ ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ.

ಒಂದು ಆಷಾಢದ ರಾತ್ರಿ ಅಕ್ಕಿ ಲೋಡು ಹಾಕಿಕೊಂಡು ಹುಲಿಕಲ್ ಇಳಿಯುತ್ತಿದ್ದರಂತೆ. ಆ ಸೀಮೆಯ ಮಳೆ ಗೊತ್ತಲ್ಲ, ಪಕ್ಕದ ಆಗುಂಬೆಯಲ್ಲಿ 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಸುರಿದದ್ದು ದಾಖಲಾಗಿದೆ! ಚಂಡಿಕಾಂಬೆಯ ಗುಡಿ ಮುಂದೆ ಲಾರಿ ನಿಲ್ಲಿಸಿ, ಕಾಣಿಕೆ ಹಾಕಿ ಹೊರಟರು. ಮಂಜು ಎಷ್ಟು ದಟ್ಟವೆಂದರೆ ದೀಪದ ಬೆಳಕು ಬಾನೆಟ್ಟು ದಾಟುತ್ತಿಲ್ಲ. ಆಗ ಕ್ಲೀನರ್ ಹುಡುಗ ಕೆಳಗಿಳಿದ. ಬೆನ್ನಿಗೆ ಬಿಳಿ ಟವೆಲು ಹರಡಿಕೊಂಡು ರಸ್ತೆಯ ಮಧ್ಯೆ ಮುಂದೆ ಮುಂದೆ ನಡೆದ. ಡ್ರೈವರಣ್ಣನಿಗೆ ರಸ್ತೆ ಕಾಣುತ್ತಿರಲಿಲ್ಲ, ಆ ಟವೆಲು ಮಾತ್ರ ಕಾಣುತ್ತಿತ್ತು. ಟವೆಲು ನಿಂತರೆ ಲಾರಿ ನಿಲ್ಲಬೇಕು.

ಒಂದು ತಿರುವಿನಲ್ಲಿ ಟವೆಲು ನಿಂತೇಬಿಟ್ಟಿತು. ರಸ್ತೆಗೆ ಅಡ್ಡಲಾಗಿ ಮರ. ಚಕ್ರಕ್ಕೆ ಕಲ್ಲು ಕೊಟ್ಟು ಬೆಳಗಿನವರೆಗೆ ಕಾದರು. ಆಚೆ ಬದಿಯಲ್ಲಿ ಕುಂದಾಪುರದಿಂದ ಹೆಂಚು ತುಂಬಿಕೊಂಡು ಹತ್ತಿ ಬಂದ ಲಾರಿಯೂ ನಿಂತಿತ್ತು. ಬೆಳಕು ಹರಿದ ಮೇಲೆ ಎರಡೂ ಕಡೆಯವರು ಸೇರಿ ಮರ ಕಡಿದು ಸರಿಸಿದರು. ಆಮೇಲೆ ಡ್ರೈವರಣ್ಣ ತಮ್ಮ ಲಾರಿಯನ್ನು ದರೆಯ ಬದಿಗೆ ಒತ್ತಿ ನಿಲ್ಲಿಸಿ, ಹೆಂಚಿನ ಲಾರಿಯನ್ನು ಮೊದಲು ಬಿಟ್ಟರು. "ಯಾಕೆ? ನೀವು ಮೊದಲು ಇಳಿದುಬಿಡಬಹುದಿತ್ತಲ್ಲ?" ಎಂದು ಕೇಳಿದೆ. "ಇಳಿಯೋನು ನಿಂತು ಮತ್ತೆ ಹೊರಡಬಹುದು ತಮ್ಮಾ. ಲೋಡು ಹೊತ್ತು ಹತ್ತೋನು ಏರಲ್ಲಿ ನಿಂತರೆ ಹಿಂದಕ್ಕೆ ಜಾರ್ತಾನೆ" ಎಂದರು.

ಡ್ರೈವರಣ್ಣ ಈಗಿಲ್ಲ. ಅವರ ಕಥೆಗಳನ್ನು ನಾನು ಆಗಲೇ ಬರೆದಿಟ್ಟುಕೊಳ್ಳಲಿಲ್ಲವಲ್ಲ ಎಂಬ ಕೊರಗು ಹೋಗುವುದಿಲ್ಲ. ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಅಂಥ ಹಿರಿಯರಿದ್ದರೆ ದಯವಿಟ್ಟು ಹತ್ತಿರ ಕೂತು ಕೇಳಿ, ಬರೆದಿಡಿ. ದಂಡೆತ್ತಿ ಬಂದ ಜನರಲ್‌ನ ಹೆಸರು ಉಳಿದಿದೆ. ದಿನವೂ ಉಪ್ಪು, ಅಕ್ಕಿ ಸಾಗಿಸಿ ನಮ್ಮನ್ನು ಸಾಕಿದವರದು ಉಳಿದಿಲ್ಲ.

ಕೊನೆಯದಾಗಿ ಒಂದೇ ಕೋರಿಕೆ. ಡ್ರೈವರಣ್ಣ ಹೇಳಿದ್ದೇ ನಮ್ಮ ಕಾನೂನಿನಲ್ಲೂ ಇದೆ: ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಇಳಿಯುವ ವಾಹನ ಹತ್ತುವ ವಾಹನಕ್ಕೆ ದಾರಿ ಬಿಡಬೇಕು ಎಂದು ರಸ್ತೆ ನಿಯಮಗಳೇ ಹೇಳಿವೆ. ನೀವು ಕಾರಿನಲ್ಲಿ ಕೊಲ್ಲೂರಿಗೋ ಕುಂದಾಪುರಕ್ಕೋ ಘಾಟಿ ಇಳಿಯುವಾಗ ಎದುರಿಗೆ ಲೋಡು ಲಾರಿಯೊಂದು ಏದುಸಿರು ಬಿಡುತ್ತಾ ಬಂದರೆ, ಹಾರ್ನ್ ಮಾಡಬೇಡಿ. ಪಕ್ಕಕ್ಕೆ ನಿಲ್ಲಿಸಿ, ಅದನ್ನು ಮೊದಲು ಹೋಗಲು ಬಿಡಿ.