ಫೋನ್ ಕರೆಯೂ ಬಾಗಿಲು ತಟ್ಟಿದಂತೆ

(ಹಂಪಾಪುರದ ಜುಮಾ ಖುತ್ಬಾದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ಆತನ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೆ ಶಾಂತಿ, ಅನುಗ್ರಹಗಳಿರಲಿ.

ನಮ್ಮ ದೇಶದಲ್ಲಿ ಮೊಬೈಲ್‌ನ ಮೊದಲ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತದಿಂದ ದಿಲ್ಲಿಗೆ. ಆರಂಭದ ವರ್ಷಗಳಲ್ಲಿ ಬಂದ ಕರೆಗೂ ದುಡ್ಡು ತೆರಬೇಕಿತ್ತು. 2003ರಲ್ಲಿ ಅದು ತಪ್ಪಿತು. ಫೋನು ಮನೆಮನೆಗೆ ಬರುವ ಮೊದಲು ಕೊಲ್ಲಿಗೆ ಹೋದ ಮಗನ ದನಿ ಕೇಳಲು ತಾಯಂದಿರು ಎಸ್‌ಟಿಡಿ ಬೂತ್‌ನಲ್ಲಿ ಕಾದು ಕೂರುತ್ತಿದ್ದರು. ಇಂದು ಸೌದಿಯಿಂದಲೋ ದುಬೈಯಿಂದಲೋ ಮಗ ದಿನವೂ ಮುಖ ತೋರಿಸುತ್ತಾನೆ. ನಡುರಾತ್ರಿ ಹೆರಿಗೆ ನೋವು ಬಂದರೆ 108ಕ್ಕೆ ಕರೆ ಮಾಡುತ್ತೇವೆ. ಮಯ್ಯತ್ ಸುದ್ದಿ ಕ್ಷಣದಲ್ಲಿ ಮುಟ್ಟುತ್ತದೆ; ಹುಣಸೂರು, ಪಿರಿಯಾಪಟ್ಟಣದ ನೆಂಟರು ಜನಾಝಾ ನಮಾಝಿಗೆ ಬಂದು ಸೇರುತ್ತಾರೆ. ಕಾಡಂಚಿನ ಹೊಲಕ್ಕೆ ಆನೆ ಇಳಿದರೆ ಒಬ್ಬರು ಇನ್ನೊಬ್ಬರನ್ನು ಎಚ್ಚರಿಸುತ್ತಾರೆ. ಇದು ಅಲ್ಲಾಹನ ಅನುಗ್ರಹ. ಅನುಗ್ರಹಗಳ ಬಗ್ಗೆ ನಮ್ಮನ್ನು ವಿಚಾರಿಸಲಾಗುವುದೆಂದು ಪವಿತ್ರ ಕುರ್‌ಆನ್ (102:8) ಎಚ್ಚರಿಸಿದೆ.

ಆದರೆ ಸದಾ ಸಿಗಬಹುದು ಎಂಬುದು ಈಗ ಸದಾ ಸಿಗಲೇಬೇಕು ಎಂದಾಗಿದೆ. ತೊಂದರೆ ಶುರುವಾಗುವುದು ಇಲ್ಲಿಂದಲೇ. ಎರಡು ಸಲ ರಿಂಗಾಗಿ ಎತ್ತದಿದ್ದರೆ ಹತ್ತು ಸಲ ಕರೆ. "ಎಲ್ಲಿದ್ದೆ? ಯಾಕೆ ಎತ್ತಲಿಲ್ಲ? ಯಾರ ಜೊತೆ ಮಾತಾಡ್ತಿದ್ದೆ?" ಮೈಸೂರಿನಲ್ಲಿ ಓದುವ ಮಗಳು ತರಗತಿಯಲ್ಲಿರಬಹುದು, ಹೆಂಡತಿ ಒಲೆಯ ಮುಂದಿರಬಹುದು, ಗಂಡ ಬೈಕ್ ಓಡಿಸುತ್ತಿರಬಹುದು. ಅದನ್ನು ಯೋಚಿಸುವ ಮೊದಲೇ ಸಂಶಯ ಹುಟ್ಟುತ್ತದೆ. ಸಂಶಯ ಜಗಳವಾಗಿ, ಜಗಳ ತಲಾಕ್‌ನ ಮಾತಿನವರೆಗೂ ಬೆಳೆಯುತ್ತದೆ. ಹೆಚ್ಚಿನ ಗುಮಾನಿಗಳಿಂದ ದೂರವಿರಬೇಕು, ಗೂಢಚಾರಿಕೆ ಮಾಡಬಾರದು ಎಂಬ ಆದೇಶ (49:12) ಫೋನಿಗೆ ಅನ್ವಯಿಸುವುದಿಲ್ಲವೇ?

ಸಹೋದರರೇ, ಫೋನ್ ಕರೆ ಎಂದರೆ ಬಾಗಿಲು ತಟ್ಟಿದಂತೆ. ಬಾಗಿಲು ತಟ್ಟುವ ಶಿಷ್ಟಾಚಾರವನ್ನು ಅಲ್ಲಾಹನು ಸೂರಾ ಅನ್ನೂರ್‌ನಲ್ಲಿ (24:27-28) ನಮಗೆ ಕಲಿಸಿದ್ದಾನೆ. ಅನ್ಯರ ಮನೆಗೆ ಅನುಮತಿ ಕೇಳದೆ, ಸಲಾಮ್ ಹೇಳದೆ ಹೋಗಬಾರದು. ಮರಳಿ ಹೋಗಿ ಎಂದರೆ ಮರಳಬೇಕು. ಹಾಗೆ ಮರಳುವುದು ಅವಮಾನವಲ್ಲ, ಅದೇ ಹೆಚ್ಚು ಪರಿಶುದ್ಧ ಎಂದು ಅಲ್ಲಾಹನು ಹೇಳುತ್ತಾನೆ.

ಹಝ್ರತ್ ಅಬೂ ಮೂಸಾ ಅಲ್ ಅಶ್‌ಅರಿ(ರ) ಒಮ್ಮೆ ಖಲೀಫಾ ಉಮರ್(ರ)ರ ಮನೆಗೆ ಹೋಗಿ ಮೂರು ಸಲ ಅನುಮತಿ ಕೇಳಿದರು. ಉತ್ತರ ಬರಲಿಲ್ಲ, ಸುಮ್ಮನೆ ಹಿಂದಿರುಗಿದರು. ಏಕೆ ಹೊರಟುಹೋದಿರಿ ಎಂದು ಉಮರ್(ರ) ಕೇಳಿದಾಗ, ಮೂರು ಸಲ ಕೇಳಿಯೂ ಅನುಮತಿ ಸಿಗದಿದ್ದರೆ ಮರಳಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ ಎಂದರು. ಇದಕ್ಕೆ ಉಮರ್(ರ) ಸಾಕ್ಷಿ ಕೇಳಿದಾಗ ಅಬೂ ಸಈದ್ ಅಲ್ ಖುದ್ರಿ(ರ) ಸಾಕ್ಷಿ ನುಡಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ವರದಿಯಿದೆ. ಕರೆದವನು ಮುನಿಸಿಕೊಳ್ಳಲಿಲ್ಲ, ಬಾಗಿಲು ತೆರೆಯದವನನ್ನು ಸಂಶಯಿಸಲೂ ಇಲ್ಲ ಎಂಬುದನ್ನು ಗಮನಿಸಿರಿ.

ಮನೆಯೊಳಗೇ ಇರುವ ಸೇವಕರು, ಚಿಕ್ಕ ಮಕ್ಕಳು ಕೂಡ ಅನುಮತಿ ಕೇಳಿಯೇ ಒಳಬರಬೇಕಾದ ಮೂರು ವೇಳೆಗಳನ್ನು ಕುರ್‌ಆನ್ (24:58) ಹೇಳಿದೆ: ಫಜ್ರ್‌ಗೆ ಮೊದಲು, ನಡುಹಗಲ ವಿಶ್ರಾಂತಿಯಲ್ಲಿ, ಇಶಾದ ನಂತರ. ಮನೆಯವರಿಗೇ ಈ ಗೆರೆ ಇರುವಾಗ, ರಾತ್ರಿ ಹನ್ನೊಂದಕ್ಕೆ ನಾಳೆಯ ವ್ಯಾಪಾರದ ಮಾತಿಗೆ ಕರೆಯುವುದು ಸರಿಯೇ? ಕೆಲಸದ ಹೊತ್ತು ಮುಗಿದ ಮೇಲೆ ನೌಕರ ಫೋನಿಗೆ ಸಿಗಬೇಕಾಗಿಲ್ಲ ಎಂಬ ಹಕ್ಕಿನ ಬಗ್ಗೆ ಫ್ರಾನ್ಸ್ ದೇಶ 2017ರಿಂದ ಕಾನೂನು ಜಾರಿಗೆ ತಂದಿದೆ. ಅಂಗಡಿ, ಗ್ಯಾರೇಜು ನಡೆಸುವ ನಮ್ಮ ಸಹೋದರರು ಕಾನೂನಿಗೆ ಕಾಯಬೇಕಾಗಿಲ್ಲ. ನಮಗಾಗಿ ಬಯಸುವುದನ್ನೇ ನಮ್ಮ ಸಹೋದರನಿಗೂ ಬಯಸದೆ ಈಮಾನ್ ಪೂರ್ಣವಾಗದೆಂದು ಪ್ರವಾದಿಯವರು(ಸ) ಹೇಳಿಲ್ಲವೇ?

ಇನ್ನೊಂದು ಮುಖವನ್ನೂ ಮರೆಯಬಾರದು. ಬನೀ ಇಸ್ರಾಈಲ್‌ನ ಜುರೈಜ್ ಎಂಬ ಆರಾಧಕ ನಮಾಝಿನಲ್ಲಿದ್ದಾಗ ತಾಯಿ ಬಂದು ಕರೆದಳು. ತಾಯಿಯೋ ನಮಾಝೋ ಎಂದು ಯೋಚಿಸಿ ಆತ ನಮಾಝನ್ನೇ ಮುಂದುವರಿಸಿದ. ತಾಯಿ ಮತ್ತೆ ಮತ್ತೆ ಕರೆದರೂ ಓಗೊಡಲಿಲ್ಲ. ನೊಂದ ತಾಯಿಯ ಪ್ರಾರ್ಥನೆ ತಾಕಿತು, ಆತ ಸುಳ್ಳು ಆರೋಪದ ಕಠಿಣ ಪರೀಕ್ಷೆಗೆ ಒಳಗಾದ. ಐಚ್ಛಿಕ ನಮಾಝಿಗಿಂತ ತಾಯಿಯ ಕರೆಗೆ ಓಗೊಡುವುದು ಮೇಲು ಎಂದು ವಿದ್ವಾಂಸರು ಇದರಿಂದ ಪಾಠ ತೆಗೆದಿದ್ದಾರೆ. ಹಾಗಿರುವಾಗ ರೀಲ್ಸ್ ನೋಡುತ್ತಾ ಅಮ್ಮನ ಕರೆಯನ್ನು ಕತ್ತರಿಸುವವನಿಗೆ ಅಲ್ಲಾಹನ ಮುಂದೆ ಏನು ಉತ್ತರವಿದೆ?

ಆದ್ದರಿಂದ ನಾವು ಕೆಲವನ್ನು ರೂಢಿಸಿಕೊಳ್ಳೋಣ. ಕರೆ ಎತ್ತಿದ ಕೂಡಲೇ ಸಲಾಮ್ ಹೇಳಿ, "ಈಗ ಮಾತಾಡಬಹುದಾ?" ಎಂದು ಕೇಳೋಣ. ಮೂರು ಸಲ ಎತ್ತದಿದ್ದರೆ ಒಂದು ಸಂದೇಶ ಕಳಿಸಿ ಸುಮ್ಮನಿರೋಣ. ಕರೆ ತಪ್ಪಿಸಿಕೊಂಡವರು ಬಿಡುವಾದಾಗ ತಾವೇ ಮರಳಿ ಕರೆಯಲಿ, ಅದು ಎದುರಿನವರ ಹಕ್ಕು. ಕೊಲ್ಲಿಯಲ್ಲಿರುವ ಮಕ್ಕಳು ಹೊತ್ತು ನೋಡಿ ಕರೆಯಲಿ. ಸೌದಿಯಲ್ಲಿ ರಾತ್ರಿ 10 ಎಂದರೆ ಇಲ್ಲಿ ಹನ್ನೆರಡೂವರೆ. ಎಚ್.ಡಿ. ಕೋಟೆ ರಸ್ತೆಯಲ್ಲಿ ಹೆಲ್ಮೆಟ್ ಒಳಗೆ ಫೋನ್ ಸಿಕ್ಕಿಸಿ ಬೈಕ್ ಓಡಿಸುವುದನ್ನು ಬಿಡೋಣ. ನಮ್ಮನ್ನು ನಾವೇ ನಾಶಕ್ಕೆ ತಳ್ಳಿಕೊಳ್ಳುವುದು (2:195) ನಿಷಿದ್ಧ.

ಖುತ್ಬಾದ ವೇಳೆ ಪಕ್ಕದವನಿಗೆ "ಸುಮ್ಮನಿರು" ಎನ್ನುವುದೂ ವ್ಯರ್ಥ ಮಾತೆಂದು ಪ್ರವಾದಿಯವರು(ಸ) ಹೇಳಿದ್ದಾರೆ. ಮಸೀದಿಯ ಮೆಟ್ಟಿಲಲ್ಲೇ ಫೋನಿನ ಸದ್ದು ನಿಲ್ಲಿಸೋಣ. ಮನೆಯಲ್ಲಿ ರೋಗಿಯೋ ತುಂಬು ಗರ್ಭಿಣಿಯೋ ಇದ್ದರೆ ನೆರೆಯವರಿಗೆ ಹೇಳಿ ಬರೋಣ. ದಿನಕ್ಕೆ ಐದು ಸಲ ನಮ್ಮನ್ನು ಕರೆಯುವ ಅದಾನ್‌ಗೆ ಓಗೊಡುವಾಗ ಉಳಿದ ಕರೆಗಳು ಸ್ವಲ್ಪ ಕಾಯಲಿ.

ಕರೆಯುವಾಗ ವಿನಯವನ್ನೂ, ಕರೆಸಿಕೊಂಡಾಗ ಕರುಣೆಯನ್ನೂ ಅಲ್ಲಾಹನು ನಮಗೆ ದಯಪಾಲಿಸಲಿ. ನಮ್ಮ ಮನೆಗಳನ್ನು ಸಂಶಯದಿಂದ ಕಾಪಾಡಲಿ. ಆಮೀನ್.